ನೆರೆಯವನ ಹೊಲ

ಮೋಶೆಯ ಹತ್ತು ಆಜ್ಞೆಗಳಲ್ಲಿ ಕೊನೆಯದು ಮಿಕ್ಕವುಗಳಿಗಿಂತ ಭಿನ್ನವಾದುದು. ಕೊಲೆ, ಕಳವು, ಸುಳ್ಳುಸಾಕ್ಷಿ, ಇವು ಕೈಯೂ ನಾಲಗೆಯೂ ಮಾಡುವ ಅಪರಾಧಗಳು. ನ್ಯಾಯಾಧೀಶನು ವಿಚಾರಿಸಿ ದಂಡಿಸಬಲ್ಲನು. ನೆರೆಯವನ ಸೊತ್ತಿಗೆ ಆಸೆಪಡುವುದಾದರೋ ಮನಸ್ಸಿನೊಳಗಿನ ಕೃತ್ಯ, ಅದಕ್ಕೆ ಸಾಕ್ಷಿಯಿಲ್ಲ. ವಿಮೋಚನಕಾಂಡದಲ್ಲಿ ಈ ಆಜ್ಞೆಯು ಮನೆ, ಹೆಂಡತಿ, ಆಳು, ಎತ್ತು, ಕತ್ತೆಗಳನ್ನು ಹೆಸರಿಸುತ್ತದೆ. ಧರ್ಮೋಪದೇಶಕಾಂಡದಲ್ಲಿ ಅದೇ ಆಜ್ಞೆ ಪುನಃ ಬರುವಾಗ ಹೊಲವೂ ಸೇರಿದೆ. ಒಕ್ಕಲುತನದ ಸೀಮೆಯವರಾದ ನಾವು ಗಮನಿಸತಕ್ಕ ಮಾತಿದು.

ಅಹಾಬನೆಂಬ ಅರಸನಿಗೆ ಅರಮನೆಯ ಪಕ್ಕದಲ್ಲಿದ್ದ ನಾಬೋತನ ದ್ರಾಕ್ಷಿತೋಟದ ಮೇಲೆ ಕಣ್ಣುಬಿದ್ದಿತು. ಅಲ್ಲಿ ಕಾಯಿಪಲ್ಯ ಬೆಳೆಯಬೇಕೆಂದು ಅವನ ಇಚ್ಛೆ. ಬೆಲೆ ಕೊಡುವೆನೆಂದನು, ಅದಕ್ಕಿಂತ ಒಳ್ಳೆಯ ತೋಟವನ್ನು ಬದಲಿ ಕೊಡುವೆನೆಂದೂ ಹೇಳಿದನು. ಇದರಲ್ಲಿ ತಪ್ಪೇನು? ಕೇಳಿದುದು ತಪ್ಪಲ್ಲ. ಪಿತ್ರಾರ್ಜಿತವನ್ನು ಕೊಡಲಾರೆನೆಂದು ನಾಬೋತನು ಉತ್ತರಿಸಿದ ಮೇಲೆ ಅರಸನು ಊಟಬಿಟ್ಟು, ಮುಖ ತಿರುಗಿಸಿ ಮಲಗಿದನಲ್ಲ, ಅಲ್ಲಿ ಆಜ್ಞೆ ಮುರಿಯಿತು. ಮುಂದೆ ರಾಣಿಯು ಸುಳ್ಳುಸಾಕ್ಷಿಗಳನ್ನು ಹೂಡಿ ನಾಬೋತನನ್ನು ಕಲ್ಲೆಸೆದು ಕೊಲ್ಲಿಸಿದಳು. ಅರಸನು ತೋಟವನ್ನು ವಶಮಾಡಿಕೊಂಡನು. ಒಂದು ಆಸೆಯ ಹಿಂದೆ ಮೂರು ಅಪರಾಧಗಳು!

ನಮ್ಮ ಉಟ್ಕೂರಿನ ಸುತ್ತ ಅರಸರೂ ಇಲ್ಲ, ದ್ರಾಕ್ಷಿತೋಟದ ಕಲಹವೂ ಇಲ್ಲ. ಆದರೆ ಬದುವನ್ನು ವರ್ಷಕ್ಕೊಂದು ಸಾಲಿನಂತೆ ಒಳಗೊತ್ತಿ ಉಳುವುದು ಯಾವ ಹಳ್ಳಿಯವರಿಗೂ ಹೊಸದಲ್ಲ.

ಹಾಗಾದರೆ ತನ್ನ ಪಾಲನ್ನು ಕೇಳುವುದೂ ಪಾಪವೇ ಎಂದು ವಿದ್ಯಾರ್ಥಿಗಳು ಪ್ರಶ್ನಿಸಬಹುದು. ಆಜ್ಞೆಯು ನಿಷೇಧಿಸುವುದು ನೆರೆಯವನದನ್ನು. ಆದ್ದರಿಂದ ಯಾವುದು ಯಾರದೆಂಬುದು ಮೊದಲು ಗೊತ್ತಾಗಬೇಕು. ಹೊಲಕ್ಕೆ ಸರ್ವೆ ಸರಪಳಿ ಬಂದುದು ಇದಕ್ಕಾಗಿಯೇ. ನದಿಯ ನೀರನ್ನು ಅಳೆಯುವುದು ಇನ್ನೂ ಕಷ್ಟ. ಕೃಷ್ಣೆಯ ಆಚೆಯ ಗದ್ವಾಲ, ಆಲಂಪೂರ ತಾಲ್ಲೂಕುಗಳು ಮೊದಲು ರಾಯಚೂರು ಜಿಲ್ಲೆಗೆ ಸೇರಿದ್ದವು. 1956ರ ನವೆಂಬರ್ 1ರಂದು ಅವು ಆಂಧ್ರಪ್ರದೇಶಕ್ಕೆ ಸೇರಿದವು. ತುಂಗಭದ್ರೆಗೆ ಕಟ್ಟಿದ ರಾಜೋಳಿಬಂಡೆಯ ಆಣೆಕಟ್ಟು ಮಾತ್ರ ರಾಯಚೂರಿನಲ್ಲಿಯೇ ಉಳಿಯಿತು. ಹೀಗೆ ಒಂದೇ ಜಿಲ್ಲೆಯ ಕಾಲುವೆ ಎರಡು ರಾಜ್ಯಗಳದಾಯಿತು. 1969ರಲ್ಲಿ ನೇಮಕವಾದ ಬಚಾವತ್ ನ್ಯಾಯಾಧಿಕರಣವು ಈ ಕಾಲುವೆಯ 17.1 ಟಿ.ಎಂ.ಸಿ. ನೀರಿನಲ್ಲಿ 1.2 ಕರ್ನಾಟಕಕ್ಕೆ, 15.9 ಆಂಧ್ರಕ್ಕೆ ಎಂದು ವಿಭಾಗಿಸಿತು. 2014ರಿಂದ ಆ ಎರಡನೆಯ ಪಾಲು ತೆಲಂಗಾಣದ್ದು.

ಅಷ್ಟೂ ನೀರು ತಲುಪುವುದಿಲ್ಲವೆಂಬುದು ಆಲಂಪೂರದ ಕಡೆಯ ರೈತರ ಬಹುಕಾಲದ ಅಳಲು. ಆಣೆಕಟ್ಟಿನ ಹಿಂದೆ ತುಂಬಿದ ಹೂಳು ಇದಕ್ಕೊಂದು ಕಾರಣ; ಅದಕ್ಕೆ ಯಾರ ದುರಾಸೆಯನ್ನೂ ದೂರುವಂತಿಲ್ಲ. ಕಾಲುವೆಯ ತುದಿಯಲ್ಲಿರುವ ರೈತನು ಬೇಡುತ್ತಿರುವುದು ನೆರೆಯವನ ನೀರನ್ನಲ್ಲ, ತನ್ನ ಹೆಸರಿಗೆ ಬರೆದಿಟ್ಟುದನ್ನು.