ಒಳ್ಳೆಯ ಚಾಕು ಯಾವುದು? – ‘ಬಲ ಮತ್ತು ಒತ್ತಡ’ ಘಟಕದ ಒಂದು ಅಭ್ಯಾಸ ಪಾಠ

ಪೀಠಿಕೆ

ಬೋಧನಾಭ್ಯಾಸದ ಎರಡನೆಯ ಹಂತದಲ್ಲಿ 8ನೇ ತರಗತಿಯ ‘ಬಲ ಮತ್ತು ಒತ್ತಡ’ ಘಟಕ ನನ್ನ ಪಾಲಿಗೆ ಬಂದಿತ್ತು. ‘ಚಾಕುವಿನ ಅಂಚು ಏಕೆ ತೆಳುವಾಗಿರುತ್ತದೆ?’ ಎಂಬ ಪ್ರಶ್ನೆಯನ್ನು ನಾವೆಲ್ಲರೂ ಈ ಘಟಕದಲ್ಲಿ ಕೇಳುತ್ತೇವೆ, ಒಂದು ವಾಕ್ಯದ ಉತ್ತರ ಬರೆಸಿ ಮುಂದೆ ಹೋಗುತ್ತೇವೆ. ಆ ಒಂದು ಪ್ರಶ್ನೆಯನ್ನೇ ಇಡೀ ಅವಧಿಗೆ ವಿಸ್ತರಿಸಿ, ‘ಅಡುಗೆಗೆ ಒಳ್ಳೆಯ ಚಾಕುವನ್ನು ಹೇಗೆ ಆರಿಸಬೇಕು?’ ಎಂಬ ಪಾಠ ಮಾಡಿದೆ. ಮೊದಲ ವಿಭಾಗದಲ್ಲಿ ಪಾಠ ಸೋತಿತು. ತಿದ್ದಿಕೊಂಡು ಎರಡನೆಯ ವಿಭಾಗದಲ್ಲಿ ಮತ್ತೆ ಮಾಡಿದೆ. ಎರಡರ ಅನುಭವವನ್ನೂ ಇಲ್ಲಿ ದಾಖಲಿಸಿದ್ದೇನೆ.

ಮೊದಲ ಪಾಠ: ಎಲ್ಲಿ ತಪ್ಪಿತು?

ಮೊದಲ ಸಲ ನಾನು ಚಾರ್ಟ್ ತೂಗುಹಾಕಿ ‘ಉತ್ತಮ ಚಾಕುವಿನ ಐದು ಲಕ್ಷಣಗಳು’ ಎಂದು ವಿವರಿಸಿದೆ. ಸ್ಟೈನ್‌ಲೆಸ್ ಸ್ಟೀಲ್ ಅಲಗು, ಹಿಡಿಯ ತುದಿಯವರೆಗೂ ಹಾದುಹೋಗುವ ಲೋಹ, ತೆಳುವಾದ ಅಂಚು, ಜಾರದ ಹಿಡಿ, ಸರಿಯಾದ ತೂಕ. ಮಕ್ಕಳು ಬರೆದುಕೊಂಡರು. ಮೌಲ್ಯಮಾಪನದ ಪ್ರಶ್ನೆಗಳಿಗೆ ಒಕ್ಕೊರಲಿನಿಂದ ಉತ್ತರಿಸಿದರು. ಪಾಠ ಚೆನ್ನಾಗಿ ಆಯಿತೆಂದೇ ನಾನು ಭಾವಿಸಿದ್ದೆ.

ಮುಗಿಯಲು ಐದು ನಿಮಿಷವಿರುವಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಮಿಸ್, ನಮ್ಮಮ್ಮ ಈಳಿಗೆಮಣೆಯಲ್ಲೇ ಹೆಚ್ಚೋದು. ಅದು ಒಳ್ಳೇದಲ್ವಾ?” ಎಂದು ಕೇಳಿದಳು. ನಾನು “ಇವತ್ತಿನ ಪಾಠ ಚಾಕುವಿನ ಬಗ್ಗೆ ಅಷ್ಟೆ, ಕೂತ್ಕೋ” ಎಂದುಬಿಟ್ಟೆ.

ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಬರೆದದ್ದು ಇಷ್ಟೇ: ‘ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಪಾಠವನ್ನು ಅಲ್ಲಿಂದಲೇ ಆರಂಭಿಸಬಹುದಿತ್ತು.’ ನಾನು ಲಕ್ಷಣಗಳ ಪಟ್ಟಿ ಕೊಟ್ಟಿದ್ದೆ. ಆ ಪಟ್ಟಿ ಯಾರಿಗೆ, ಯಾವ ಕೆಲಸಕ್ಕೆ ಎಂಬುದನ್ನು ಕೇಳಿಯೇ ಇರಲಿಲ್ಲ.

ವಿಷಯ ಸಾರ: ಶಿಕ್ಷಕರು ತಿಳಿದಿರಬೇಕಾದದ್ದು

ಎರಡನೆಯ ಪಾಠಕ್ಕೆ ಮುನ್ನ ವಿಷಯವನ್ನು ಮತ್ತೊಮ್ಮೆ ಓದಿ, ಬಳಸುವವರನ್ನು ಕೇಳಿ, ಹೀಗೆ ಜೋಡಿಸಿಕೊಂಡೆ.

1. ಅಂಚು: ಒತ್ತಡ ಎಂದರೆ ಏಕಮಾನ ವಿಸ್ತೀರ್ಣದ ಮೇಲೆ ಲಂಬವಾಗಿ ವರ್ತಿಸುವ ಬಲ. ಲೆಕ್ಕಕ್ಕಾಗಿ, ನಾವು 20 ನ್ಯೂಟನ್ ಬಲ ಹಾಕುತ್ತೇವೆ, 5 ಸೆಂ.ಮೀ. ಉದ್ದದ ಅಂಚು ತರಕಾರಿಗೆ ತಾಗಿದೆ ಎಂದುಕೊಳ್ಳೋಣ. ಮೊಂಡು ಅಂಚಿನ ಅಗಲ 0.5 ಮಿ.ಮೀ. ಇದ್ದರೆ ಒತ್ತಡ 8 ಲಕ್ಷ ಪಾಸ್ಕಲ್. ಹರಿತ ಮಾಡಿ ಅಗಲವನ್ನು 0.05 ಮಿ.ಮೀ.ಗೆ ಇಳಿಸಿದರೆ ಅದೇ ಬಲಕ್ಕೆ 80 ಲಕ್ಷ ಪಾಸ್ಕಲ್, ಅಂದರೆ ಹತ್ತು ಪಟ್ಟು. ಅಂಚಿನ ಕೋನವೂ ಮುಖ್ಯ. ಯುರೋಪಿನ ಮಾದರಿಯ ಚಾಕುಗಳಿಗೆ ಸಾಮಾನ್ಯವಾಗಿ ಪ್ರತಿ ಬದಿಗೆ ಸುಮಾರು 20 ಡಿಗ್ರಿ, ಜಪಾನಿನ ಮಾದರಿಯವಕ್ಕೆ ಸುಮಾರು 15 ಡಿಗ್ರಿ ಸಾಣೆ ಕೊಡುತ್ತಾರೆ. ಕೋನ ಕಿರಿದಾದಷ್ಟೂ ಸಲೀಸಾಗಿ ಕೊಯ್ಯುತ್ತದೆ. ಆದರೆ ಅಂಚು ಅಷ್ಟೇ ನಾಜೂಕು. ಎಲುಬಿನ ಮೇಲೋ ತೆಂಗಿನ ಚಿಪ್ಪಿನ ಮೇಲೋ ಹೊಡೆದರೆ ಚಕ್ಕೆ ಏಳುತ್ತದೆ.

2. ಲೋಹ: ಕಾರ್ಬನ್ ಸ್ಟೀಲ್ ಬೇಗ ಹರಿತವಾಗುತ್ತದೆ, ಆದರೆ ತುಕ್ಕು ಹಿಡಿಯುತ್ತದೆ. ನಿಂಬೆ, ಹುಣಸೆ, ಮಾವಿನಕಾಯಿಯ ಹುಳಿ ತಾಗಿದರೆ ಕಲೆಯಾಗುತ್ತದೆ. ಬಾಳೆಕಾಯಿ ಹೆಚ್ಚಿದರೆ ಅದರ ಒಗರಿನಲ್ಲಿರುವ ಟ್ಯಾನಿನ್ ಕಬ್ಬಿಣದೊಂದಿಗೆ ವರ್ತಿಸಿ ಅಲಗು ಕಪ್ಪಾಗುತ್ತದೆ. ಸ್ಟೈನ್‌ಲೆಸ್ ಸ್ಟೀಲಿನಲ್ಲಿ ಕನಿಷ್ಠ ಶೇ. 10.5ರಷ್ಟು ಕ್ರೋಮಿಯಂ ಇರುತ್ತದೆ. ಅದು ಮೇಲ್ಮೈಯಲ್ಲಿ ತೆಳುವಾದ ಆಕ್ಸೈಡ್ ಪದರವಾಗಿ ತುಕ್ಕನ್ನು ತಡೆಯುತ್ತದೆ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ 1913ರಲ್ಲಿ ತಯಾರಿಸಿದ ಇಂಥ ಉಕ್ಕು ಚಾಕು ತಯಾರಿಕೆಗೆ ಬಹುಬೇಗ ಬಳಕೆಗೆ ಬಂತು. ಲೋಹ ತುಂಬ ಮೆದುವಾದರೆ ಅಂಚು ಬೇಗ ಮಡಚಿಕೊಳ್ಳುತ್ತದೆ, ತುಂಬ ಗಡುಸಾದರೆ ಚಕ್ಕೆ ಏಳುತ್ತದೆ, ಮನೆಯಲ್ಲಿ ಮಸೆಯುವುದೂ ಕಷ್ಟ.

3. ಹಿಡಿ: ಅಲಗಿನ ಲೋಹ ಹಿಡಿಯ ಕೊನೆಯವರೆಗೂ ಹೋಗಿದ್ದರೆ ಚಾಕು ಗಟ್ಟಿ. ಒದ್ದೆ ಕೈಯಲ್ಲಿ ಜಾರಬಾರದು, ಸಂದುಗಳಲ್ಲಿ ಕೊಳೆ ನಿಲ್ಲಬಾರದು. ದೊಡ್ಡವರ ಅಂಗೈಗೆ ಸರಿಯಾದದ್ದು ಚಿಕ್ಕ ಅಂಗೈಗೆ ಸರಿಯಾಗಲಾರದು. ಆದ್ದರಿಂದ ಕೊಳ್ಳುವ ಮುನ್ನ ಕೈಯಲ್ಲಿ ಹಿಡಿದು ನೋಡಲೇಬೇಕು.

4. ಎಷ್ಟು ಚಾಕು ಬೇಕು: ಮನೆಗೆ ಮೂರು ಸಾಕು. ಹೆಚ್ಚಲು 15ರಿಂದ 20 ಸೆಂ.ಮೀ. ಅಲಗಿನದು, ಸಿಪ್ಪೆ ತೆಗೆಯಲು 8ರಿಂದ 10 ಸೆಂ.ಮೀ. ಅಲಗಿನದು, ಬ್ರೆಡ್ ಕೊಯ್ಯಲು ಗರಗಸದಂಥ ಹಲ್ಲಿನದು. ಹೋಟೆಲಿನಲ್ಲಿ ಗಂಟೆಗಟ್ಟಲೆ ನಿಂತು ಕಿಲೋಗಟ್ಟಲೆ ಈರುಳ್ಳಿ ಹೆಚ್ಚುವವರಿಗೆ 20ರಿಂದ 25 ಸೆಂ.ಮೀ. ಉದ್ದದ, ಸಮತೋಲದ ಚಾಕು ಬೇಕು. ಅವರಿಗೆ ಹಿಡಿಯ ಹೊಂದಿಕೆ ಮಣಿಕಟ್ಟಿನ ಆರೋಗ್ಯದ ಪ್ರಶ್ನೆಯೂ ಹೌದು.

5. ಈಳಿಗೆಮಣೆ: ಕರಾವಳಿ, ಮಲೆನಾಡಿನ ಕಡೆ ಇದನ್ನು ಮೆಟ್ಟುಕತ್ತಿ ಎನ್ನುತ್ತಾರೆ. ಇಲ್ಲಿ ಅಲಗು ಸ್ಥಿರ, ತರಕಾರಿ ಚಲಿಸುತ್ತದೆ. ಮಣೆಯನ್ನು ಕಾಲು ಹಿಡಿದಿರುವುದರಿಂದ ಎರಡೂ ಕೈ ತರಕಾರಿಗೇ ಸಿಗುತ್ತವೆ. ಕುಂಬಳ, ಹಲಸಿನಂಥ ದೊಡ್ಡ ಕಾಯಿಗಳಿಗೆ ಇದು ಅನುಕೂಲ. ತುದಿಯಲ್ಲಿ ತೆಂಗಿನಕಾಯಿ ತುರಿಯುವ ಹಲ್ಲೂ ಇರಬಹುದು. ನೆಲದ ಮೇಲೆ ಕೂರಲಾಗದವರಿಗೆ, ಚಿಕ್ಕ ಮಕ್ಕಳು ಓಡಾಡುವ ಮನೆಗೆ ತೊಂದರೆ. ಒತ್ತಡದ ತತ್ವ ಚಾಕುವಿಗೂ ಇದಕ್ಕೂ ಒಂದೇ.

ತಿದ್ದಿದ ಪಾಠದ ನಡೆ (40 ನಿಮಿಷ)

ಉದ್ದೇಶಗಳು: ವಿಸ್ತೀರ್ಣ ಕಡಿಮೆಯಾದಂತೆ ಒತ್ತಡ ಹೆಚ್ಚುವುದನ್ನು ಪ್ರಯೋಗದಿಂದ ಗುರುತಿಸುವುದು, ಬಳಕೆಯ ಆಧಾರದ ಮೇಲೆ ಉಪಕರಣ ಆರಿಸಿ ಕಾರಣ ಕೊಡುವುದು, ಸುರಕ್ಷಿತ ಬಳಕೆಯ ನಿಯಮ ಹೇಳುವುದು.

ಪೂರ್ವಜ್ಞಾನ (5 ನಿಮಿಷ): ‘ನಿಮ್ಮ ಮನೆಯಲ್ಲಿ ತರಕಾರಿ ಹೆಚ್ಚುವವರು ಯಾರು? ಯಾವುದರಿಂದ? ಕೂತೋ, ನಿಂತೋ?’ ಉತ್ತರಗಳನ್ನು ಕಪ್ಪುಹಲಗೆಯ ಮೇಲೆ ಕೋಷ್ಟಕವಾಗಿ ಬರೆದೆ. ಅರ್ಧಕ್ಕೂ ಹೆಚ್ಚು ಮನೆಗಳಲ್ಲಿ ಈಳಿಗೆಮಣೆ ಇತ್ತು. ನನ್ನ ಮೊದಲ ಚಾರ್ಟಿನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ಪ್ರಯೋಗ (12 ನಿಮಿಷ): ಮಕ್ಕಳ ಕೈಗೆ ಚಾಕು ಕೊಡದೆ ಮಾಡಬಹುದಾದ ಪ್ರಯೋಗವಿದು. ಎರಡು ಡೆಸ್ಕ್‌ಗಳ ನಡುವೆ ಕಿರಿದಾದ ಮರದ ಪಟ್ಟಿಯಿಟ್ಟು ಅದರ ಮೇಲೆ ಬೇಯಿಸಿದ ಆಲೂಗಡ್ಡೆ ಇಟ್ಟೆವು. ಹೊಲಿಗೆ ದಾರದ ಎರಡೂ ತುದಿಗೆ ಅರ್ಧ ಲೀಟರಿನ ನೀರಿನ ಬಾಟಲಿ ಕಟ್ಟಿ ಆಲೂಗಡ್ಡೆಯ ಮೇಲೆ ಹಾಯಿಸಿ ಮೆಲ್ಲನೆ ಬಿಟ್ಟೆವು. ದಾರ ಒಳಗಿಳಿಯಿತು. ಅದೇ ಬಾಟಲಿಗಳನ್ನು ದಪ್ಪ ಸೆಣಬಿನ ಹಗ್ಗಕ್ಕೆ ಕಟ್ಟಿದಾಗ ಬರೀ ತಗ್ಗು ಬಿತ್ತು. ಎರಡೂ ಸಲ ಬಲ ಸುಮಾರು 10 ನ್ಯೂಟನ್. “ತೂಕ ಅಷ್ಟೇ, ದಪ್ಪ ಬೇರೆ” ಎಂದು ಮಕ್ಕಳೇ ಹೇಳಿದ ಮೇಲೆ ಸೂತ್ರ ಬರೆದೆ. ದಾರ ತುಂಡಾದರೆ ಬಾಟಲಿ ಕಾಲ ಮೇಲೆ ಬೀಳದಂತೆ ಕೆಳಗೆ ಗೋಣಿಚೀಲ ಹಾಸಿರಬೇಕು.

ಪ್ರಾತ್ಯಕ್ಷಿಕೆ (8 ನಿಮಿಷ): ನಾನೊಬ್ಬಳೇ ಮೇಜಿನ ಬಳಿ ನಿಂತು ಮೊಂಡು ಮತ್ತು ಹರಿತ ಚಾಕುಗಳಿಂದ ಟೊಮೆಟೊ ಕೊಯ್ದು ತೋರಿಸಿದೆ. ಮೊದಲು ‘ಯಾವ ಚಾಕು ಹೆಚ್ಚು ಅಪಾಯ?’ ಎಂದು ಕೇಳಿದಾಗ ತರಗತಿಯೆಲ್ಲ “ಹರಿತದ್ದು” ಎಂದಿತ್ತು. ಮೊಂಡು ಚಾಕು ಸಿಪ್ಪೆಯ ಮೇಲೆ ಜಾರಿದ್ದನ್ನು ನೋಡಿದ ಮೇಲೆ ಒಬ್ಬ ಹುಡುಗ, “ಜಾಸ್ತಿ ಒತ್ತಬೇಕು ಮಿಸ್, ಜಾರಿದರೆ ಆ ಬಲವೆಲ್ಲ ಕೈಗೇ ಬರುತ್ತೆ” ಎಂದ. ಹರಿತ ಚಾಕುವೂ ಕೈ ಕೊಯ್ಯುತ್ತದೆ, ಆದರೆ ಅದಕ್ಕೆ ಬಲ ಕಡಿಮೆ ಸಾಕು, ಕೈ ನಮ್ಮ ಹಿಡಿತದಲ್ಲಿರುತ್ತದೆ ಎಂದು ಸ್ಪಷ್ಟಪಡಿಸಿದೆ. ತರಕಾರಿ ಹಿಡಿದ ಕೈಯ ಬೆರಳ ತುದಿಗಳನ್ನು ಒಳಕ್ಕೆ ಮಡಚಬೇಕು, ಬೀಳುವ ಚಾಕುವನ್ನು ಹಿಡಿಯಲು ಹೋಗಬಾರದು ಎಂಬ ಎರಡು ನಿಯಮಗಳನ್ನು ಇಲ್ಲೇ ಹೇಳಿದೆ.

ಗುಂಪು ಚಟುವಟಿಕೆ (15 ನಿಮಿಷ): ಮೂರು ಸನ್ನಿವೇಶ ಕೊಟ್ಟೆ: ನಾಲ್ಕು ಜನರ ಮನೆ, ಚಿಕ್ಕ ಹೋಟೆಲು, ನಮ್ಮ ಶಾಲೆಯ ಬಿಸಿಯೂಟದ ಅಡುಗೆಮನೆ. ಏನನ್ನು, ಎಷ್ಟು, ಎಲ್ಲಿ, ಯಾರು ಹೆಚ್ಚುತ್ತಾರೆ, ಮೊಂಡಾದರೆ ಹರಿತ ಮಾಡುವುದು ಹೇಗೆ ಎಂಬ ಐದು ಪ್ರಶ್ನೆಗೆ ಉತ್ತರಿಸಿ ಆಯ್ಕೆ ಮಾಡಬೇಕು. ಬಿಸಿಯೂಟದ ಗುಂಪು ಮುಖ್ಯಶಿಕ್ಷಕರ ಅನುಮತಿ ಪಡೆದು ಹಿಂದಿನ ದಿನವೇ ಅಡುಗೆಯವರನ್ನು ಮಾತನಾಡಿಸಿತ್ತು. “ಸಾಣೆ ಹಿಡಿಯೋನು ಈ ಕಡೆ ಬರೋದೇ ನಿಂತೋಗಿದೆ ಕಣ್ರೋ, ಒತ್ತಿ ಒತ್ತಿ ಹೆಬ್ಬೆರಳು ನೋಯುತ್ತೆ” ಎಂದು ಅಡುಗೆಯವರು ಹೇಳಿದ್ದರಂತೆ. ಹೊಸ ಚಾಕು ಬೇಡ, ಒಂದು ಸಾಣೆಕಲ್ಲು ಬೇಕು. ಗ್ರಾನೈಟ್ ಕಟ್ಟೆಯ ಮೇಲೆ ಹೆಚ್ಚಿದರೆ ಅಂಚು ಹಾಳಾಗುವುದರಿಂದ ಒಂದು ಮರದ ಹಲಗೆಯೂ ಬೇಕು ಎಂದು ಆ ಗುಂಪು ಬರೆಯಿತು. ಮೊದಲ ಪಾಠದ ಐದು ಲಕ್ಷಣಗಳಿಂದ ಈ ಉತ್ತರ ಬರುತ್ತಿರಲಿಲ್ಲ.

ಮೌಲ್ಯಮಾಪನ

‘ನಿಮ್ಮ ಅಜ್ಜಿಗೆ ಮಂಡಿನೋವು. ಈಳಿಗೆಮಣೆ ಬಿಟ್ಟು ಚಾಕು ಬಳಸಬೇಕಾಗಿದೆ. ಎಂಥದ್ದನ್ನು ಆರಿಸುವಿರಿ? ಎರಡು ಕಾರಣ ಕೊಡಿ.’ ಹೆಚ್ಚಿನವರು ಹಿಡಿ, ಉದ್ದ, ಹರಿತಗಳನ್ನು ಕಾರಣದೊಂದಿಗೆ ಬರೆದರು. ಕೆಲವರು ‘ಬೆಲೆ ಹೆಚ್ಚಿನದು’ ಎಂದಷ್ಟೇ ಬರೆದರು. ಬೆಲೆಗೂ ಬಳಕೆಗೂ ಇರುವ ಸಂಬಂಧವನ್ನು ನಾನು ಚರ್ಚೆಗೆ ತಂದಿರಲಿಲ್ಲ. ಮುಂದಿನ ಸಲ ಅದಕ್ಕೆ ಸಮಯ ಇಡಬೇಕು.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಈ ಪಾಠ ಮಾಡುವವರು ಚಾಕುಗಳನ್ನು ಬಟ್ಟೆಯಲ್ಲಿ ಸುತ್ತಿ ತರಬೇಕು, ಎಣಿಸಿ ಹಿಂದೆ ಒಯ್ಯಬೇಕು, ಮುಖ್ಯಶಿಕ್ಷಕರಿಗೆ ಮೊದಲೇ ತಿಳಿಸಿರಬೇಕು. ಗುಂಪು ಚಟುವಟಿಕೆಗೆ 15 ನಿಮಿಷ ಸಾಲದು. ಅದನ್ನು ಮರುದಿನಕ್ಕೆ ವಿಸ್ತರಿಸಿದರೆ ಒಳ್ಳೆಯದು.

ಮೊದಲ ವಿಭಾಗದ ಆ ಹುಡುಗಿಯನ್ನು ಮಾರನೆಯ ವಾರ ಭೇಟಿಯಾಗಿ, ನಿಮ್ಮಮ್ಮನ ಈಳಿಗೆಮಣೆ ಒಳ್ಳೆಯದೇ ಎಂದು ತಿಳಿಯಲು ಏನೇನು ನೋಡಬೇಕು ಎಂದು ಕೇಳಿದೆ. “ಬಾಯಿ ಹರಿತ ಇದೆಯಾ, ಮಣೆ ಅಲ್ಲಾಡುತ್ತಾ, ಅಮ್ಮಂಗೆ ಕೂರೋಕೆ ಆಗುತ್ತಾ ಅಂತ ನೋಡ್ಬೇಕು ಮಿಸ್” ಎಂದಳು. ಯಾರೂ ಹೇಳಿಕೊಡದಿದ್ದರೂ ಅವಳು ಮೂರು ಮಾನದಂಡಗಳನ್ನು ಹೇಳಿದ್ದಳು. ಅಂದೇ ಐದು ನಿಮಿಷ ಕೊಟ್ಟಿದ್ದರೆ ಇಡೀ ತರಗತಿಗೆ ಅವು ಸಿಗುತ್ತಿದ್ದವು.