ತೆಂಗಿನ ಚಿಪ್ಪು ಮತ್ತು ನಮ್ಮ ಕುಡಿಯುವ ನೀರು



ಜೆ.ಪಿ. ನಗರದಲ್ಲಿ ಒಂದು ಸುತ್ತು ಹಾಕಿದರೆ ಸಾಕು, ಜ್ಯೂಸ್ ಅಂಗಡಿ ಮುಂದೆ ಮೂಸಂಬಿ ಸಿಪ್ಪೆ, ಹೋಟೆಲ್ ಹಿಂದೆ ತೆಂಗಿನ ಚಿಪ್ಪು, ರಸ್ತೆ ಬದಿ ಎಳನೀರಿನ ಬುರುಡೆ. ಎಲ್ಲವನ್ನೂ ನಾವು ಕಸ ಅಂತೀವಿ. ಆದರೆ ವಾಟರ್ ಫಿಲ್ಟರ್ ಒಳಗಿರುವ ಕಪ್ಪು ಹರಳು ಬಹಳ ಸಲ ಇದೇ ತೆಂಗಿನ ಚಿಪ್ಪಿನಿಂದ ಮಾಡಿದ್ದು. "ಹಾಗಾದರೆ ಸಂಘದಲ್ಲೇ ಫಿಲ್ಟರ್ ಮಾಡಿ ಮಾರಬಹುದಲ್ಲ ಸಿಸ್ಟರ್?" ಅಂತ ನೀವು ಕೇಳಬಹುದು. ಅದಕ್ಕೆ ಮೊದಲು ಚಿಪ್ಪು ಹೇಗೆ ಫಿಲ್ಟರಿಗೆ ಹೋಗುತ್ತದೆ ಎಂದು ತಿಳಿಯೋಣ.

ಕೊಬ್ಬರಿಗೆ ಹೆಸರಾದ ತಿಪಟೂರು ಕಡೆ ತೆಂಗಿನಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿಸಿ, ಚಿಪ್ಪು ಒಡೆದು ಉಂಡೆ ಕೊಬ್ಬರಿ ತೆಗೆಯುತ್ತಾರೆ. ಉಳಿದ ಚಿಪ್ಪನ್ನು ಗಾಳಿ ಹೆಚ್ಚು ಆಡದಂತೆ ಸುಟ್ಟರೆ ಇದ್ದಲಾಗುತ್ತದೆ. ಈ ಇದ್ದಲಿಗೆ ಕಾರ್ಖಾನೆಯಲ್ಲಿ ಸುಮಾರು 800ರಿಂದ 1000 ಡಿಗ್ರಿ ಶಾಖದಲ್ಲಿ ಹಬೆ ಹಾಯಿಸುತ್ತಾರೆ. ಆಗ ಅದರಲ್ಲಿ ಕಣ್ಣಿಗೆ ಕಾಣದ ಲೆಕ್ಕವಿಲ್ಲದಷ್ಟು ತೂತುಗಳು ಬೀಳುತ್ತವೆ. ಇದೇ ಆಕ್ಟಿವೇಟೆಡ್ ಕಾರ್ಬನ್. ಒಂದೇ ಒಂದು ಗ್ರಾಂ ಕಾರ್ಬನ್ನಿನ ಒಳಮೈಯನ್ನು ಬಿಡಿಸಿ ಹಾಸಿದರೆ ಸುಮಾರು 1000 ಚದರ ಮೀಟರ್, ಅಂದರೆ ಒಂಬತ್ತು 30x40 ಸೈಟಿನಷ್ಟು ಜಾಗ! ಕೊಳೆ ಹೋಗಿ ಅಂಟಿಕೊಳ್ಳುವುದು ಅಲ್ಲೇ. ಹತ್ತು ಕಿಲೋ ಚಿಪ್ಪಿಗೆ ಸಿಗುವುದು ಹೆಚ್ಚುಕಡಿಮೆ ಒಂದು ಕಿಲೋ ಕಾರ್ಬನ್ ಮಾತ್ರ.

ಮನೆ ಒಲೆಯ ಇದ್ದಲು ಈ ಕೆಲಸ ಮಾಡುವುದಿಲ್ಲ. ಅದಕ್ಕೆ ಅಷ್ಟು ತೂತುಗಳಿಲ್ಲ, ಜೊತೆಗೆ ಬೂದಿ ಬೇರೆ. ಆದ್ದರಿಂದ ಸಂಘದಲ್ಲಿ ಫಿಲ್ಟರ್ ಮಾಡಿ ಮಾರುವ ಯೋಚನೆ ಬೇಡ. ಒಂದು ಮಗುವಿಗೆ ವಾಂತಿಭೇದಿಯಾದರೆ ಹೊಣೆ ಯಾರು?

ಕಾರ್ಖಾನೆಯ ಕಾರ್ಬನ್ನಿಗೂ ಮಿತಿ ಉಂಟು. ಕ್ಲೋರಿನ್ ವಾಸನೆ, ಬಣ್ಣ, ಕೆಲವು ಕೀಟನಾಶಕಗಳನ್ನು ಅದು ಹಿಡಿಯುತ್ತದೆ. ರೋಗಾಣುವನ್ನು ಕೊಲ್ಲುವುದಿಲ್ಲ. ಬೋರ್‌ವೆಲ್ ನೀರಿನ ಗಡಸುತನ, ನೈಟ್ರೇಟ್ ತೆಗೆಯುವುದಿಲ್ಲ. ನೈಟ್ರೇಟ್ ಕುದಿಸಿದರೂ ಹೋಗದು. ಹಾಗಾಗಿ ಬೋರ್ ನೀರು ಕುಡಿಯುವವರು ಒಮ್ಮೆ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಲೇಬೇಕು. ಕಾವೇರಿ ನೀರು ಕ್ಲೋರಿನ್ ಹಾಕಿ ಬರುತ್ತದೆ, ಕಾರ್ಬನ್ ಆ ಕ್ಲೋರಿನ್ನನ್ನೇ ತೆಗೆದುಬಿಡುತ್ತದೆ. ಸೋಸಿದ ನೀರನ್ನು ದಿನಗಟ್ಟಲೆ ಬಿಂದಿಗೆಯಲ್ಲಿ ಇಟ್ಟರೆ ಅದನ್ನು ಕಾಯುವವರು ಯಾರೂ ಇಲ್ಲ. ತೂತುಗಳು ತುಂಬಿದ ಮೇಲೆ ಕಾರ್ಬನ್ ಬದಲಿಸಬೇಕು, ಇಲ್ಲದಿದ್ದರೆ ಅದರೊಳಗೇ ರೋಗಾಣು ಬೆಳೆಯುತ್ತದೆ. ನೂರಿನ್ನೂರು ರೂಪಾಯಿ ಉಳಿಸಲು ಹೋಗಿ ವರ್ಷಗಟ್ಟಲೆ ಅದನ್ನೇ ಇಟ್ಟುಕೊಳ್ಳುವುದು ಲಾಭವಲ್ಲ.

ಹಣ್ಣಿನ ಸಿಪ್ಪೆಯ ವಿಷಯವೂ ಇದೇ. ಬಾಳೆಹಣ್ಣಿನ ಸಿಪ್ಪೆಯ ಪುಡಿ ನೀರಿನ ಸೀಸ, ತಾಮ್ರವನ್ನು ಹೀರುತ್ತದೆ ಎಂದು ಬ್ರೆಜಿಲ್ ದೇಶದ ವಿಜ್ಞಾನಿಗಳು 2011ರಲ್ಲಿ ತೋರಿಸಿದರು. ಅದು ಪ್ರಯೋಗಾಲಯದ ಮಾತು. ಮನೆಯ ಕೊಡಕ್ಕೆ ಸಿಪ್ಪೆ ಹಾಕಿದರೆ ಅದು ಕೊಳೆಯುತ್ತದೆ ಅಷ್ಟೇ.

ಹಾಗಾದರೆ ನಮಗೇನು ಕೆಲಸ? ಚಿಪ್ಪು ಕೂಡಿಸಿ ಮಾರುವುದು. ಹೋಟೆಲ್, ಕಲ್ಯಾಣ ಮಂಟಪ, ದೇವಸ್ಥಾನಗಳಲ್ಲಿ ದಿನವೂ ಬಲಿತ ಕಾಯಿ ಒಡೆಯುತ್ತಾರೆ. ನಾರು, ಕಾಯಿಚೂರು ಬಿಡಿಸಿ, ಬಿಸಿಲಿಗೆ ಒಣಗಿಸಿ ಮೂಟೆ ಕಟ್ಟಬೇಕು. ಹಸಿ ಚಿಪ್ಪಿಗೆ ಬೆಲೆ ಕಡಿಮೆ. ಎಳನೀರಿನ ಬುರುಡೆ ಇದಕ್ಕೆ ಆಗದು, ಅದರ ಚಿಪ್ಪು ಬಲಿತಿರುವುದಿಲ್ಲ. ಮೂಸಂಬಿ ಸಿಪ್ಪೆಯನ್ನು ಗೊಬ್ಬರಕ್ಕೆ ಹಾಕಿ. ಚಿಪ್ಪು ಸುಡುವ ಕೆಲಸವನ್ನು ಮಾತ್ರ ವಠಾರದಲ್ಲಿ ಮಾಡಬೇಡಿ, ಆ ಹೊಗೆ ತುಂಬಾ ಕೆಟ್ಟದ್ದು.

ಮುಂದಿನ ಸಭೆಗೆ ಬರುವಾಗ ಎರಡು ವಿಷಯ ಬರೆದುಕೊಂಡು ಬನ್ನಿ: ನಿಮ್ಮ ಬೀದಿಯ ಹೋಟೆಲಿನಲ್ಲಿ ದಿನಕ್ಕೆ ಎಷ್ಟು ಕಾಯಿ ಒಡೆಯುತ್ತಾರೆ, ಮತ್ತು ನಿಮ್ಮ ಮನೆ ಫಿಲ್ಟರಿನ ಕಾರ್ಬನ್ ಬದಲಿಸಿ ಎಷ್ಟು ತಿಂಗಳಾಯಿತು.