ಭೋಗೋಪಭೋಗ ಪರಿಮಾಣವೂ ಪಟ್ಟಣದ ಸ್ಯಾಂಡ್‌ವಿಚ್ಚೂ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಪಟ್ಟಣವಾಸಿಯನ್ನು ದಿನದಿನವೂ ಪರೀಕ್ಷಿಸುವುದು ಭೋಗೋಪಭೋಗ ಪರಿಮಾಣವ್ರತವೆಂದೇ ಹೇಳಬೇಕು. ಒಮ್ಮೆ ಅನುಭವಿಸಿದೊಡನೆ ಮುಗಿದುಹೋಗುವ ಅನ್ನಪಾನಾದಿಗಳು ಭೋಗ. ಮತ್ತೆ ಮತ್ತೆ ಬಳಕೆಗೆ ಬರುವ ವಸ್ತ್ರ, ಶಯ್ಯೆ ಮೊದಲಾದವು ಉಪಭೋಗ. ಇವೆರಡಕ್ಕೂ ತಾನೇ ಎಲ್ಲೆಯನ್ನು ಕಟ್ಟಿಕೊಳ್ಳುವುದು ಈ ವ್ರತದ ಸ್ವರೂಪ. ಊರಿನ ಮನೆಯಲ್ಲಿ ಈ ಎಲ್ಲೆಯನ್ನು ಅಡುಗೆಯ ಮನೆಯೇ ಕಾಯುತ್ತದೆ. ಉಣ್ಣುವವನು ಯೋಚಿಸಬೇಕಾದ ಸಂದರ್ಭವೇ ಕಡಿಮೆ. ಮನೆಯಿಂದ ದೂರ ಹೋದವನ ಸ್ಥಿತಿ ಹಾಗಲ್ಲ.

ಬೆಳಗಾವಿ, ಹುಬ್ಬಳ್ಳಿ, ಧಾರವಾಡಗಳ ಕಡೆಯಿಂದ ಉದ್ಯೋಗಕ್ಕಾಗಿ ಮುಂಬಯಿಗೆ ತೆರಳಿದ ತರುಣ ತರುಣಿಯರು ನಮ್ಮ ಸಮಾಜದಲ್ಲಿ ಅನೇಕರಿದ್ದಾರೆ. ಬೆಳಿಗ್ಗೆ ಏಳು ಗಂಟೆಗೆ ಲೋಕಲ್ ರೈಲು ಹಿಡಿದವನು ಮರಳಿ ಕೋಣೆ ಸೇರುವುದು ರಾತ್ರಿ ಎಂಟಕ್ಕೆ. ಚಳಿಗಾಲದಲ್ಲಿ ಅಲ್ಲಿ ಆರು ಗಂಟೆಯ ಸುಮಾರಿಗೇ ಸೂರ್ಯಾಸ್ತವಾಗುತ್ತದೆ. ರಾತ್ರಿಭೋಜನ ತ್ಯಾಗವಿರುವವನಿಗೆ, ಬೆಳಗಿನ ಉಪಾಹಾರ ಬಿಟ್ಟರೆ, ಮಧ್ಯಾಹ್ನದ ಊಟವೊಂದೇ ದಿನದ ಆಧಾರ. ಆ ಅರ್ಧ ಗಂಟೆಯಲ್ಲಿ ಯೋಗ್ಯವಾದುದು ದೊರೆಯದಿದ್ದರೆ ಅವನು ಮರುದಿನದವರೆಗೆ ಹಸಿದಿರಬೇಕು. ಸಂಕಲ್ಪವಿಲ್ಲದೆ, ಕಷಾಯ ವಿಷಯಗಳ ತ್ಯಾಗವಿಲ್ಲದೆ, ಸಿಡಿಮಿಡಿಗೊಳ್ಳುತ್ತ ಹಸಿದಿರುವುದು ಲಂಘನವೇ ಹೊರತು ಉಪವಾಸವಲ್ಲ. ಆದಕಾರಣ ಬೀದಿಬದಿಯ ಸ್ಯಾಂಡ್‌ವಿಚ್ ಎಂಬ ಅಲ್ಪವಿಷಯವನ್ನು ವ್ರತವಿಚಾರದಲ್ಲಿ ಎತ್ತಿಕೊಂಡುದಕ್ಕೆ ವಾಚಕರು ನಗಬಾರದು.

ಈ ತಿಂಡಿಯ ಹೆಸರು ಹದಿನೆಂಟನೆಯ ಶತಮಾನದ ಆಂಗ್ಲ ಶ್ರೀಮಂತನೊಬ್ಬನ ಬಿರುದಿನಿಂದ ಬಂದುದು. ಜೂಜಿನ ಮೇಜನ್ನು ಬಿಟ್ಟೇಳಲಾರದೆ ಬ್ರೆಡ್ಡಿನ ನಡುವೆ ಮಾಂಸವಿರಿಸಿ ತರಿಸಿಕೊಂಡು ತಿಂದನೆಂಬ ಕಥೆಯುಂಟು. ಕಥೆ ನಿಜವಾದರೆ ಸಪ್ತವ್ಯಸನಗಳಲ್ಲಿ ಎರಡು ಇದರ ಜನ್ಮದಲ್ಲಿಯೇ ಕೂಡಿಕೊಂಡವು! ಆದರೆ ಮುಂಬಯಿಯ ಫೋರ್ಟ್, ಚರ್ಚ್‌ಗೇಟ್ ಮುಂತಾದೆಡೆ ಗಾಡಿಯ ಮೇಲೆ ಮಾರುವ ಸ್ಯಾಂಡ್‌ವಿಚ್ಚಿನಲ್ಲಿ ಮಾಂಸದ ಸಂಬಂಧವಿಲ್ಲ. ಬಿಳಿಯ ಬ್ರೆಡ್ಡಿನ ಎರಡು ಹೋಳುಗಳಿಗೆ ಬೆಣ್ಣೆ ಸವರಿ, ಮೇಲೆ ಕೊತ್ತಂಬರಿ, ಹಸಿಮೆಣಸಿನಕಾಯಿಗಳ ಹಸಿರು ಚಟ್ನಿ ಬಳಿದು, ಬೇಯಿಸಿದ ಬಟಾಟೆ, ಬೀಟ್‌ರೂಟ್, ಸೌತೆಕಾಯಿ, ಟೊಮೇಟೊ, ಈರುಳ್ಳಿಗಳ ತೆಳುವಾದ ಬಿಲ್ಲೆಗಳನ್ನು ಹೊಂದಿಸಿ, ಚಾಟ್ ಮಸಾಲೆ ಉದುರಿಸಿ ಕೊಡುತ್ತಾರೆ. ಬೇಕೆಂದವರಿಗೆ ಉದ್ದ ಹಿಡಿಯ ಲೋಹದ ಅಚ್ಚಿನಲ್ಲಿಟ್ಟು ಬೆಂಕಿಯ ಮೇಲೆ ಸುಟ್ಟುಕೊಡುವುದೂ ಉಂಟು. ಐದು ನಿಮಿಷದ ಕೆಲಸ, ನಿಂತಲ್ಲಿಯೇ ಊಟ.

ಅಲ್ಲಿ ‘ಜೈನ್ ಸ್ಯಾಂಡ್‌ವಿಚ್’ ಎಂದರೆ ವಿವರಿಸುವ ಅಗತ್ಯವಿಲ್ಲ. ಗಾಡಿಯವನು ಈರುಳ್ಳಿ, ಬಟಾಟೆ, ಬೀಟ್‌ರೂಟ್‌ಗಳನ್ನು ಬಿಡುತ್ತಾನೆ. ಬಟಾಟೆಯ ಸ್ಥಾನದಲ್ಲಿ ಬೇಯಿಸಿದ ಬಾಳೆಕಾಯಿಯನ್ನಿರಿಸುವವರೂ ಇದ್ದಾರೆ. ಅನ್ಯಮತೀಯ ವ್ಯಾಪಾರಿಗಳು ನಮ್ಮ ಆಚಾರವನ್ನು ಇಷ್ಟು ಅರಿತಿರುವುದು ಸಂತೋಷದ ವಿಷಯ. ಕಂದಮೂಲಗಳು ಅನಂತಕಾಯ, ಒಂದು ಗಡ್ಡೆಯ ಶರೀರವನ್ನು ಆಶ್ರಯಿಸಿ ಅನಂತ ನಿಗೋದಜೀವಗಳಿರುವುದರಿಂದ ಅವು ತ್ಯಾಜ್ಯ. ಈ ಹೆಸರಿನ ಸ್ಯಾಂಡ್‌ವಿಚ್ ಅಷ್ಟನ್ನು ಪಾಲಿಸುತ್ತದೆ. ಅಷ್ಟನ್ನು ಮಾತ್ರ ಪಾಲಿಸುತ್ತದೆ ಎಂಬುದನ್ನೂ ಗಮನಿಸತಕ್ಕದ್ದು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ, ಫಲ ಅಲ್ಪವಾಗಿದ್ದು ಘಾತ ಬಹುವಾಗಿರುವ ವಸ್ತುಗಳನ್ನು ಬಿಡಬೇಕೆಂದು ಹೇಳುವಾಗ ಮೂಲಂಗಿಯ ಜೊತೆಗೆ ಹಸಿಶುಂಠಿಯನ್ನೂ ಬೆಣ್ಣೆಯನ್ನೂ ಹೆಸರಿಸಿದ್ದಾರೆ. ಹಸಿಯಾದ ಶುಂಠಿಯೆಂದೇ ಅವರು ವಿಶೇಷಿಸಿರುವುದರಿಂದ ಒಣಶುಂಠಿಗೆ ಈ ದೋಷ ತಟ್ಟುವುದಿಲ್ಲ. ಈಗ ಗಾಡಿಯ ಚಟ್ನಿಯನ್ನು ನೋಡಿರಿ. ಅದನ್ನು ಬೆಳಿಗ್ಗೆಯೇ ಎಲ್ಲರಿಗೂ ಒಟ್ಟಾಗಿ ರುಬ್ಬಿರುತ್ತಾರೆ. ಅದರಲ್ಲಿ ಹಸಿಶುಂಠಿ, ಬೆಳ್ಳುಳ್ಳಿ ಸೇರಿರುವ ಸಂಭವ ಬಹಳ. ಕಣ್ಣಿಗೆ ಕಾಣುವ ಬಟಾಟೆಯನ್ನು ತೆಗೆಸಿದವನು ಕಣ್ಣಿಗೆ ಕಾಣದ ಬೆಳ್ಳುಳ್ಳಿಯನ್ನು ತಿಂದಂತಾಗುತ್ತದೆ. ಬೆಣ್ಣೆಯ ಮಾತಂತೂ ಸ್ಪಷ್ಟವಾಗಿದೆ. ಮೇಲೆ ಉದುರಿಸುವ ಸೇವು ಕಡಲೆಹಿಟ್ಟಿನದು. ಮೊಸರು ಸವರಿದ ಸ್ಯಾಂಡ್‌ವಿಚ್ಚಿಗೆ ಅದು ಬಿದ್ದರೆ ದ್ವಿದಳ ದೋಷ. ಅಂಗಡಿಗಳಲ್ಲಿ ಮೇಯನೇಸ್ ಎಂಬ ಬಿಳಿಯ ಲೇಪವುಂಟು. ಮೂಲತಃ ಅದನ್ನು ಮೊಟ್ಟೆಯಿಂದ ಮಾಡುತ್ತಾರೆ, ಮೊಟ್ಟೆಯಿಲ್ಲದುದೂ ದೊರೆಯುತ್ತದೆ. ಕೇಳದೆ ಮುಟ್ಟಬಾರದು. ಚೀಸ್‌ಗೆ ಹಾಲನ್ನು ಒಡೆಸಲು ಕರುವಿನ ಜಠರದಿಂದ ತೆಗೆದ ದ್ರವ್ಯವನ್ನು ಬಳಸುವ ಕ್ರಮವಿದೆ. ಪೊಟ್ಟಣದ ಮೇಲೆ ಹಸಿರು ಚುಕ್ಕೆಯಿದ್ದರೆ ಆ ಭಯವಿಲ್ಲ. ಆದರೆ ಹಸಿರು ಚುಕ್ಕೆ ಸಸ್ಯಾಹಾರದ ಗುರುತೇ ವಿನಾ ಜೈನಾಹಾರದ ಗುರುತಲ್ಲ. ಬೆಳ್ಳುಳ್ಳಿಯ ಪುಡಿಗೂ ಅದೇ ಚುಕ್ಕೆ.

ಇನ್ನು ಬ್ರೆಡ್ಡು. ಇಲ್ಲಿಯೇ ನಿಜವಾದ ತೊಡಕಿರುವುದು. ಪರಂಪರೆಯ ಲೆಕ್ಕದಲ್ಲಿ ಹಿಟ್ಟಿನ ಮರ್ಯಾದೆ ಚಳಿಗಾಲದಲ್ಲಿ 7 ದಿನ, ಬೇಸಿಗೆಯಲ್ಲಿ 5, ಮಳೆಗಾಲದಲ್ಲಿ 3. ನೀರು ಬೆರೆಸಿ ಮಾಡಿದ ರೊಟ್ಟಿಗೆ 4 ಪ್ರಹರ, ಅಂದರೆ 12 ಗಂಟೆ. ಬೇಕರಿಯ ಮೈದಾ ಎಂದು ಬೀಸಿದ್ದೋ ಬಲ್ಲವರಿಲ್ಲ; ಬ್ರೆಡ್ಡು ನಿನ್ನೆಯದು ಅಥವಾ ಮೊನ್ನೆಯದು; ಹಿಟ್ಟು ಉಬ್ಬುವುದು ಈಸ್ಟಿನಿಂದ, ಎಂದರೆ ಹುಳಿಯುವಿಕೆಯಿಂದ. ಕಂದು ಬ್ರೆಡ್ಡು ಉತ್ತಮವೆಂದು ವೈದ್ಯರು ಹೇಳಬಹುದು, ಆದರೆ ಕೆಲವು ಬಗೆಗಳಲ್ಲಿ ಜೇನು ಸೇರಿರುತ್ತದೆ. ಮಧುತ್ಯಾಗವಾದರೋ ಮೂಲಗುಣಗಳಲ್ಲಿಯೇ ಒಂದು. ಆದುದರಿಂದ ಮರ್ಯಾದೆಯ ನಿಯಮವಿರುವವರಿಗೂ ಪ್ರತಿಮಾಧಾರಿಗಳಿಗೂ ಬೇಕರಿಯ ಬ್ರೆಡ್ಡು ಸಲ್ಲದು, ಇದರಲ್ಲಿ ಸಂಶಯವಿಲ್ಲ. ಐದನೆಯ ಸಚಿತ್ತತ್ಯಾಗ ಪ್ರತಿಮೆಯವರಿಗೆ ಹಸಿಯ ಸೌತೆಕಾಯಿಯ ಬಿಲ್ಲೆಯೂ ಆಗದು.

ಹಾಗಾದರೆ ಕಂದಮೂಲ ತ್ಯಾಗವನ್ನು ಮಾತ್ರ ಕೈಕೊಂಡ ಸಾಮಾನ್ಯ ಶ್ರಾವಕನು ಏನು ಮಾಡತಕ್ಕದ್ದು? ಅವನೂ ಬ್ರೆಡ್ಡಿನ ದೋಷವನ್ನು ಅರಿತಿರಬೇಕು. ಆದರೆ ಕೈಕೊಳ್ಳದ ವ್ರತದ ಭಂಗವನ್ನು ಅವನ ತಲೆಗೆ ಕಟ್ಟುವುದು ನನಗೆ ಸರಿಕಾಣುವುದಿಲ್ಲ. ನಮ್ಮಲ್ಲಿ ಕೆಲವು ಹಿರಿಯರು ಹುಡುಗರನ್ನು ಹೀಗೆ ಹೆದರಿಸುತ್ತಾರೆ. ಫಲವೇನೆಂದರೆ, “ಹೇಗೂ ಕೆಟ್ಟಿತು” ಎಂದು ಹುಡುಗನು ಮರುದಿನ ಬಟಾಟೆಯದನ್ನೇ ತಿನ್ನುತ್ತಾನೆ. ಉಳಿದಿದ್ದ ತ್ಯಾಗವೂ ಹೋಗುತ್ತದೆ. ಆಚಾರ್ಯರು ತ್ಯಾಗವನ್ನು ಯಮವೆಂದೂ ನಿಯಮವೆಂದೂ ಎರಡು ಬಗೆಯಾಗಿ ಹೇಳಿರುವುದು ಇಂಥವರಿಗಾಗಿಯೇ ಉಪಯುಕ್ತ. ಜೀವಾವಧಿಯದು ಯಮ, ಕಾಲಾವಧಿಯುಳ್ಳದ್ದು ನಿಯಮ. ಒಂದು ದಿನ, ಒಂದು ಪಕ್ಷ, ಒಂದು ಮಾಸ, ಒಂದು ಋತು, ಒಂದು ಅಯನ ಎಂದು ಅವಧಿಯನ್ನು ಇಟ್ಟುಕೊಳ್ಳಲು ಅವಕಾಶವಿದೆ. ಕಂದಮೂಲವನ್ನು ಯಮವಾಗಿ ಬಿಟ್ಟವನು ಬೇಕರಿಯ ಬ್ರೆಡ್ಡನ್ನು ಅಷ್ಟಮಿ ಚತುರ್ದಶಿಗಳಲ್ಲಿ ನಿಯಮವಾಗಿ ಬಿಡಲಿ. ಅದು ನಿಂತ ಮೇಲೆ ಒಂದು ಮಾಸ ಬಿಡಲಿ. ಚಾತುರ್ಮಾಸದಲ್ಲಿ ಸೊಪ್ಪನ್ನು ಬಿಡುವ ಮನೆತನದವರಿಗೆ ಕೊತ್ತಂಬರಿಯ ಚಟ್ನಿಯೂ ಆ ಅವಧಿಯಲ್ಲಿ ನಿಲ್ಲುತ್ತದೆ.

ಗಾಡಿಯ ಮುಂದೆ ನಿಂತಾಗ ಕೇವಲ ‘ಜೈನ್’ ಎಂದು ಸುಮ್ಮನಾಗಬಾರದು. ಕಾಂದಾ, ಬಟಾಟಾ, ಬೀಟ್, ಲಸೂಣ್, ಆಲೇ ಎಂದು ಮರಾಠಿಯ ಐದೂ ಹೆಸರುಗಳನ್ನು ಹೇಳಿ, ಚಟ್ನಿಯಲ್ಲಿ ಕೊನೆಯ ಎರಡು ಇವೆಯೇ ಎಂದು ವಿಚಾರಿಸಬೇಕು. ಇದ್ದರೆ ಚಟ್ನಿ ಬೇಡವೆನ್ನಬೇಕು. ಉಪ್ಪು, ಕಾಳುಮೆಣಸು ಸಾಕು. ಬೆಣ್ಣೆ ಬೇಡವೆನ್ನಬೇಕು. ಈರುಳ್ಳಿ ಹೆಚ್ಚಿದ ಚಾಕುವನ್ನೂ ಹಲಗೆಯನ್ನೂ ತೊಳೆಯುವಂತೆ ವಿನಯದಿಂದ ಕೇಳಿದರೆ ಇಲ್ಲವೆನ್ನುವವರು ಕಡಿಮೆ. ಊಟದ ಗದ್ದಲಕ್ಕೆ ಕಾಲು ಗಂಟೆ ಮೊದಲೇ ಹೋದರೆ ಇನ್ನೂ ಉತ್ತಮ. ಸುಡಿಸುವ ಅಚ್ಚು ಎಲ್ಲರಿಗೂ ಒಂದೇ ಆದುದರಿಂದ ಸುಡಿಸದೆ ಕೊಳ್ಳುವುದೇ ಲೇಸು.

ಆದರೆ ಬ್ರೆಡ್ಡಿಲ್ಲದ ಸ್ಯಾಂಡ್‌ವಿಚ್ಚನ್ನು ಮನೆಯಿಂದಲೇ ಒಯ್ಯಬಹುದಲ್ಲವೆ? ಮುಂಬಯಿಯಲ್ಲಿ 1890ರಿಂದ ಡಬ್ಬಾವಾಲಾಗಳು ಮನೆಯೂಟವನ್ನು ಕಚೇರಿಗೆ ಮುಟ್ಟಿಸುತ್ತ ಬಂದಿದ್ದಾರೆ. ಕುಟುಂಬಸ್ಥರಿಗೆ ಅದೇ ಸರಿಯಾದ ಮಾರ್ಗ. ಒಂಟಿಯಾಗಿರುವವನು ಬೆಳಿಗ್ಗೆ ಎರಡು ಚಪಾತಿ ಬೇಯಿಸಿ, ತುಪ್ಪ ಸವರಿ, ನಡುವೆ ಬಾಳೆಕಾಯಿಯ ಒಣಪಲ್ಯವಿರಿಸಿ ಮಡಿಸಿಕೊಂಡರೆ ಅದೂ ಕೈಯಲ್ಲಿ ಹಿಡಿದು ಐದು ನಿಮಿಷದಲ್ಲಿ ತಿನ್ನುವ ಆಹಾರವೇ. ಚಪಾತಿಗೆ 4 ಪ್ರಹರದ ಅವಕಾಶವಿದ್ದರೂ ಪಲ್ಯದ ಮರ್ಯಾದೆ 2 ಪ್ರಹರ ಮಾತ್ರ, ಎಂದರೆ 6 ಗಂಟೆ. ಆರೂವರೆಗೆ ಒಲೆಯಿಂದಿಳಿಸಿದ ಪಲ್ಯವನ್ನು ಹನ್ನೆರಡೂವರೆಯೊಳಗೆ ಮುಗಿಸಬೇಕಾಗುತ್ತದೆ. ಕಚೇರಿಯ ವಿರಾಮ ಒಂದು ಗಂಟೆಗಿದ್ದರೆ ಪಲ್ಯವನ್ನು ಕೊನೆಗೆ ಮಾಡಿ, ಚಪಾತಿಯನ್ನು ಮೊದಲು ಮಾಡಿಕೊಳ್ಳತಕ್ಕದ್ದು.